ಚರಾಯ್‌ದೇವ್‌ನಲ್ಲಿ ನಮ್ಮಜ್ಜಿ ನೆನಪಾದರು

ಜನವರಿ 31ರ ಬೆಳಗ್ಗೆ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟೆ. ಇಬ್ಬನಿಯ ತಂಪು ಅಂಗಾಲಿನಿಂದ ಮೊಣಕಾಲಿನ ತನಕ ಏರಿತು. ಅಸ್ಸಾಮಿನ ಚರಾಯ್‌ದೇವ್‌ನಿಂದ ಬಂದು ಎಷ್ಟೋ ದಿನವಾಯಿತು. ಆ ತಂಪು ಇನ್ನೂ ಕಾಲಲ್ಲೇ ಇದೆ.

ಅಲ್ಲಿ ಗೋಪುರ ಇಲ್ಲ, ಗರ್ಭಗುಡಿ ಇಲ್ಲ. ಹುಲ್ಲು ಹೊದ್ದ 90 ಮಣ್ಣಿನ ದಿಬ್ಬಗಳು. ಮೈದಾಮ್ ಅಂತಾರೆ. ಒಳಗೆ ಅಸ್ಸಾಮನ್ನು ಆಳಿದ ಆಹೋಮ್ ರಾಜಮನೆತನದವರು ಮಲಗಿದ್ದಾರೆ. ಅವರೆಲ್ಲರ ಮೂಲಪುರುಷ ಸುಕಾಫಾ. ತಾಯ್ ಎಂಬ ಜನಾಂಗದ ಈ ರಾಜಕುಮಾರ ಪಟ್ಕಾಯ್ ಬೆಟ್ಟ ದಾಟಿ 1228ರಲ್ಲಿ ಬ್ರಹ್ಮಪುತ್ರದ ಕಣಿವೆಗೆ ಇಳಿದರು. ವರ್ಷಗಟ್ಟಲೆ ಜಾಗ ಹುಡುಕಿ 1253ರಲ್ಲಿ ಇಲ್ಲಿ ನೆಲೆ ನಿಂತರು. ಬರುವಾಗ ಮನೆದೇವರು ಚುಮ್‌ದೇವ್‌ನನ್ನು ಜೊತೆಗೇ ತಂದಿದ್ದರಂತೆ. ಇಲ್ಲಿನ ಮೊರಾನ್, ಬೊರಾಹಿ ಜನರ ಜೊತೆ ನೆಂಟಸ್ತನ ಬೆಳೆಸಿದರು. ಮುಂದೆ ರಾಜಧಾನಿ ಬೇರೆ ಕಡೆ ಹೋದರೂ ತೀರಿಕೊಂಡ ರಾಜರನ್ನು ಇಲ್ಲಿಗೇ ತರುತ್ತಿದ್ದರು. ಹಿರಿಯರ ಪಕ್ಕದಲ್ಲೇ ಜಾಗ ಬೇಕು ಅನಿಸುತ್ತೆ, ಅಲ್ವಾ?

ಅವತ್ತು ಮೇ-ಡಾಮ್-ಮೇ-ಫಿ. ಹಿರಿಯರಿಗೆ, ದೇವರಿಗೆ ಎಡೆ ಕೊಡುವ ದಿನ. ತೀರಿಕೊಂಡವರು ಆಹೋಮ್ ಜನರಿಗೆ ದೇವರೇ. ಪುರೋಹಿತರು ಹಳೇ ತಾಯ್-ಆಹೋಮ್ ಭಾಷೆಯಲ್ಲಿ ಮಂತ್ರ ಹೇಳುತ್ತಿದ್ದರು. ಆ ಭಾಷೆ ಈಗ ಯಾರ ಮನೆಮಾತೂ ಅಲ್ಲ, ಎಲ್ಲರೂ ಆಡುವುದು ಅಸ್ಸಾಮಿ. ಆದರೂ ಹಿರಿಯರನ್ನು ಕರೆಯುವ ಮಾತನ್ನು ಬಿಟ್ಟುಕೊಟ್ಟಿಲ್ಲ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಕಣ್ಣು ತುಂಬಿ ಬಂತು.

ಮಹಾಲಯ ಅಮಾವಾಸ್ಯೆ ದಿನ ನಮ್ಮಜ್ಜಿ ಬಾಳೆಲೆ ಮುಂದೆ ಕೂತು ಹೇಳುತ್ತಿದ್ದರು: "ಸುಮ್ನೆ ಕೈ ಮುಗಿದರೆ ಆಗಲ್ಲ ಮಗಾ, ಹೆಸರು ಹಿಡಿದು ಕರೀಬೇಕು. ಇಲ್ಲದಿದ್ರೆ ಅವರಿಗೆ ಹೇಗೆ ಗೊತ್ತಾಗತ್ತೆ?" ಸೆರಗಿನ ತುದಿಯಲ್ಲಿ ಎಲೆ ಅಡಿಕೆಯ ಗಂಟು ಯಾವಾಗಲೂ ಇರುತ್ತಿತ್ತು. ಮಾತಾಡುತ್ತಾ ಅದನ್ನೇ ಸವರುತ್ತಿದ್ದರು. ಈಗ ನಮ್ಮ ಮನೆಗಳಲ್ಲಿ ಹೊರಗಿಂದ ಊಟ ತರಿಸಿ, ಫೋಟೋಗೆ ಒಂದು ಹಾರ ಹಾಕಿದರೆ ಮುಗೀತು. ಮುತ್ತಜ್ಜನ ಹೆಸರು ಕೇಳಿದರೆ ಮಕ್ಕಳು ನಮ್ಮ ಮುಖ ನೋಡುತ್ತಾರೆ. ಹೇಳಿಕೊಡದೆ ಬಿಟ್ಟವರು ನಾವೇ. ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ದಿಬ್ಬದ ಮುಂದೆ ನಿಂತು ಸುಕಾಫಾ ಅವರಿಗೆ ಕೈ ಮುಗಿದೆ. ಆಮೇಲೆ ಅಜ್ಜಿಯ ಹೆಸರು ಹೇಳಿದೆ. ಅಜ್ಜಿಯ ಅತ್ತೆಯ ಹೆಸರು ಹೇಳಿದೆ. ಅದರ ಹಿಂದಿನ ಹೆಸರು ಬರಲಿಲ್ಲ. ನಾಲಿಗೆ ತಡವರಿಸಿತು.

ಪಕ್ಕದಲ್ಲಿದ್ದ ವಯಸ್ಸಾದ ಅಮ್ಮ ಒಬ್ಬರು ಏನೂ ಕೇಳದೆ ನನ್ನ ಕೈಗೆ ಎಲೆ ಅಡಿಕೆ ಇಟ್ಟರು. ಬಾಯಿಗೆ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.