ಗೆರೆಗಳ ಅಂತರ ಅಳೆದರೆ ಗೇರ್ ಸಿಗುತ್ತದೆ

ಮುದ್ರಣ ಓದಲು ಬಂದವರಿಗೆ ವೇಳಾಪಟ್ಟಿಯಲ್ಲಿ ‘ಬೇಸಿಕ್ ಎಲೆಕ್ಟ್ರಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್’ ಕಂಡರೆ ಅದು ಪಕ್ಕದ ವಿಭಾಗದವರ ಪಾಠ ಅನ್ನಿಸುತ್ತದೆ. ಬಣ್ಣ, ಅಕ್ಷರ, ಪ್ಲೇಟ್, ಕಾಗದ ಕಲಿಯಬೇಕಾದವರಿಗೆ ಮೋಟಾರಿನ ಪೋಲುಗಳ (ಕಾಂತ ಧ್ರುವಗಳ) ಲೆಕ್ಕ ಯಾಕೆ ಎಂದು ನಮ್ಮ ತಂಡವೂ ಕೇಳಿತ್ತು. ಆ ವಿಷಯ ಕಲಿಸಿದ ಗುರುಗಳು ಪಾಠ ತೆಗೆಯುತ್ತಿದ್ದದ್ದು ಕೆಟ್ಟುಹೋದ ಒಂದು ಶೀಟಿನಿಂದ. ಹಾಳೆಯಲ್ಲಿ ಕಾಣುವ ದೋಷದಿಂದ ಹಿಂದಕ್ಕೆ ಹೋಗಿ ಯಂತ್ರದ ಭಾಗ ಹುಡುಕುವುದು ಈ ವಿಷಯದ ಜೀವ. ಈಗ ಓದುತ್ತಿರುವವರಿಗೆ ಉಪಯೋಗವಾಗಲಿ ಎಂದು ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಆಫ್‌ಸೆಟ್ ಶೀಟಿನ (ಪ್ಲೇಟಿನಿಂದ ರಬ್ಬರ್ ಬ್ಲಾಂಕೆಟ್ಟಿಗೆ, ಅದರಿಂದ ಕಾಗದಕ್ಕೆ ಅಚ್ಚಾದ ಹಾಳೆಯ) ತಿಳಿ ಟಿಂಟ್, ಅಂದರೆ ತೆಳು ಬಣ್ಣ, ಇರುವ ಜಾಗದಲ್ಲಿ ಸಣ್ಣ ಸಣ್ಣ ಅಡ್ಡಗೆರೆಗಳು ಬಂದಿವೆ ಎನ್ನಿ. ಮೊದಲು ಎಲ್ಲರ ಕೈ ಹೋಗುವುದು ಶಾಯಿಯ ಪ್ರಮಾಣ ಹೊಂದಿಸುವ ಇಂಕ್ ಕೀಲಿಗಳ ಮೇಲೆ. ಅದರ ಬದಲು ಸ್ಕೇಲ್ ತೆಗೆದುಕೊಳ್ಳಿ. ಹನ್ನೊಂದು ಗೆರೆ ಎಣಿಸಿ, ಮೊದಲನೆಯದರಿಂದ ಕೊನೆಯದರವರೆಗೆ ಅಳೆದು 10ರಿಂದ ಭಾಗಿಸಿ. ಗೇರಿನ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ಅಂತರ ಎಂದರೆ ಮಾಡ್ಯೂಲನ್ನು (ಹಲ್ಲಿನ ಗಾತ್ರ ಹೇಳುವ ಅಂಕಿ) 3.14ರಿಂದ ಗುಣಿಸಿದಷ್ಟು, ಮಾಡ್ಯೂಲ್ 3 ಆದರೆ 9.42 ಮಿ.ಮೀ. ಸಿಲಿಂಡರ್ ಗೇರುಗಳ ಹಲ್ಲು ಸಾಮಾನ್ಯವಾಗಿ ಓರೆಯಾಗಿರುವುದರಿಂದ ಸುತ್ತಳತೆಯ ಮೇಲೆ ಇದು ಸ್ವಲ್ಪ ಹೆಚ್ಚು ಬರುತ್ತದೆ. ಗೆರೆಗಳ ಅಂತರ ಸಮನಾಗಿದ್ದು ಈ ಅಂಕಿಗೆ ಹೊಂದಿದರೆ ದೋಷ ಗೇರಿನ ಕಡೆಯದು. ಹೊಂದದಿದ್ದರೆ, ಅಥವಾ ಅಗಲವಾದ ಒಂದೇ ಒಂದು ಪಟ್ಟೆ ಬಂದಿದ್ದರೆ ಗೇರನ್ನು ಬಿಟ್ಟು, ಪ್ಲೇಟಿಗೆ ಶಾಯಿ, ನೀರು ಹಚ್ಚುವ ಫಾರ್ಮ್ ರೋಲರುಗಳನ್ನು ನೋಡಬೇಕು. ಪ್ಲೇಟಿಗೆ ಹೆಚ್ಚು ಒತ್ತಿ ಕೂರಿಸಿದ ರೋಲರ್, ಪ್ಲೇಟಿನ ತುದಿಗಳನ್ನು ಕಟ್ಟುವ ಸಿಲಿಂಡರಿನ ಗ್ಯಾಪ್ ದಾಟಿ ಪ್ಲೇಟಿನ ಅಂಚಿಗೆ ಬಡಿದಾಗ ಜಿಗಿಯುತ್ತದೆ. ಆ ಜಿಗಿತವೇ ಪಟ್ಟೆಯಾಗಿ ಅಚ್ಚಾಗುತ್ತದೆ.

ಗೇರಿನದೇ ದೋಷ ಎಂದಾದರೂ ಹಲ್ಲು ಸವೆದಿದೆ ಎಂದು ತೀರ್ಮಾನಿಸಲು ಆತುರ ಬೇಡ. ಹಲ್ಲಿನ ಬುಡದಲ್ಲಿ ಹಳೆಯ ಗ್ರೀಸ್ ಮತ್ತು ಕಾಗದದ ಧೂಳು ಸೇರಿ ಗಟ್ಟಿಯಾಗಿ ಕೂತಿರಬಹುದು. ಮೊದಲು ತೊಳೆದು ನೋಡಿ. ಎರಡನೆಯದು ಪ್ಯಾಕಿಂಗ್, ಅಂದರೆ ಸಿಲಿಂಡರಿನ ಮೇಲೆ ಪ್ಲೇಟಿನ ಇಲ್ಲವೇ ಬ್ಲಾಂಕೆಟ್ಟಿನ ಕೆಳಗೆ ಹಾಕುವ ಹಾಳೆಗಳು. ಬೇಕಾದ್ದಕ್ಕಿಂತ ಹೆಚ್ಚು ಪ್ಯಾಕಿಂಗ್ ಹಾಕಿದರೆ ಸಿಲಿಂಡರುಗಳು ಒಂದನ್ನೊಂದು ದೂಡುತ್ತವೆ, ಹಲ್ಲುಗಳು ಪೂರ್ತಿ ಆಳಕ್ಕೆ ಕೂರುವುದಿಲ್ಲ. ಹೊಸ ಗೇರಿನಲ್ಲೂ ಆಗ ಗೆರೆ ಬರುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಬೆಲೆಬಾಳುವ ಪಾಠ ಪ್ಯಾಕಿಂಗಿನದೇ.

ಅದಕ್ಕೆ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯಲು ಬರಬೇಕು. ಅದರ ಸ್ಕ್ರೂ ಒಂದು ಸುತ್ತಿಗೆ 0.5 ಮಿ.ಮೀ. ಸರಿಯುತ್ತದೆ, ತಿರುಗುವ ತೋಳಿನ ಮೇಲೆ 50 ಗೀಟುಗಳಿರುತ್ತವೆ, ಹಾಗಾಗಿ ಒಂದು ಗೀಟು ಎಂದರೆ 0.01 ಮಿ.ಮೀ. ಬಾಯಿ ಒರೆಸಿ, ಮುಚ್ಚಿ, ಸೊನ್ನೆ ಸರಿಯಿದೆಯೇ ನೋಡಿದ ಮೇಲೆಯೇ ಅಳತೆ. ರ‍್ಯಾಚೆಟ್ (ಒತ್ತಡ ಮಿತಿಯಲ್ಲಿಡುವ ತುದಿಯ ಗುಬ್ಬಿ) ಬಿಟ್ಟು ತೋಳನ್ನೇ ತಿರುಗಿಸಿ ಬಿಗಿದರೆ ಕಾಗದ ಒತ್ತಿಹೋಗಿ ದಪ್ಪ ಕಡಿಮೆ ತೋರಿಸುತ್ತದೆ. ಒಂದು ಉದಾಹರಣೆ: ಬೇರರ್ (ಸಿಲಿಂಡರಿನ ಎರಡೂ ತುದಿಯ ಉಕ್ಕಿನ ಬಳೆ) ಮಟ್ಟಕ್ಕಿಂತ ಪ್ಲೇಟ್ ಸಿಲಿಂಡರಿನ ಮೈ 0.50 ಮಿ.ಮೀ. ತಗ್ಗಿದೆ, ಪ್ಲೇಟಿನ ದಪ್ಪ 0.30. ಬೇರರ್ ಮಟ್ಟಕ್ಕೆ ಬರಲು 0.20 ಪ್ಯಾಕಿಂಗ್ ಸಾಕು. ನಿಮ್ಮ ಯಂತ್ರಕ್ಕೆ ಎಷ್ಟು ಬೇಕು ಎಂಬುದು ಅದರ ಕೈಪಿಡಿಯಲ್ಲೇ ಇರುತ್ತದೆ. ಅಂದಾಜಿನಲ್ಲಿ ಹಾಳೆ ತುರುಕುವ ಕೆಲಸ ಬೇಡವೇ ಬೇಡ.

ಈಗ ಇದೇ ಪ್ಲೇಟಿನ ಕೆಳಗೆ ಇನ್ನೊಂದು 0.05 ಮಿ.ಮೀ. ಹಾಳೆ ಸೇರಿಸಿದರೆ? ತ್ರಿಜ್ಯ 0.05 ಹೆಚ್ಚಿತು, ಸುತ್ತಳತೆ ಸುಮಾರು 0.31 ಮಿ.ಮೀ. ಹೆಚ್ಚಿತು. ಪ್ಲೇಟಿನ ಮೇಲಿನ ಚಿತ್ರದ ಉದ್ದ ಬದಲಾಗಿಲ್ಲ, ಆದರೆ ದೊಡ್ಡದಾದ ಸುತ್ತಿನಲ್ಲಿ ಅದು ಮೊದಲಿಗಿಂತ ಕಡಿಮೆ ಕೋನದಲ್ಲಿ ಮುಗಿಯುತ್ತದೆ. ಆದ್ದರಿಂದ ಕಾಗದದ ಮೇಲೆ ಅಚ್ಚು ಗಿಡ್ಡವಾಗುತ್ತದೆ. ಚಿತ್ರ ಸುತ್ತಳತೆಯ ಮೂರರಲ್ಲಿ ಎರಡು ಭಾಗ ಹಿಡಿದಿದ್ದರೆ ಹಿಂಬದಿಯಲ್ಲಿ ಸುಮಾರು 0.2 ಮಿ.ಮೀ. ವ್ಯತ್ಯಾಸ. ಒಂದು ಬಣ್ಣಕ್ಕೆ ಮಾತ್ರ ಹೀಗಾದರೆ ಗ್ರಿಪ್ಪರ್ (ಹಾಳೆಯ ಮುಂದಿನ ಅಂಚು ಹಿಡಿಯುವ ಲೋಹದ ಬೆರಳು) ಅಂಚಿನಲ್ಲಿ ರಿಜಿಸ್ಟರ್ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು) ಕೂಡುತ್ತದೆ, ಹಿಂದೆ ಬಿಡುತ್ತದೆ. ಪ್ಲೇಟ್ ಎಷ್ಟು ಎಳೆದು ಕಟ್ಟಿದರೂ ಸರಿಹೋಗುವುದಿಲ್ಲ. ಹಿಂಬದಿಯಲ್ಲಿ ಎಡಬಲಕ್ಕೂ ಬಿಟ್ಟಿದ್ದರೆ ಕಾಗದ ಹಿಗ್ಗಿದೆಯೇ ಎಂದು ನೋಡಿ. ಅದು ತೇವದ ಕೆಲಸ.

ಶೀಟಿನಿಂದ ಶೀಟಿಗೆ ರಿಜಿಸ್ಟರ್ ಓಡಾಡುತ್ತಿದ್ದರೆ ಗ್ರಿಪ್ಪರುಗಳ ಕಡೆ ನಡೆಯಬೇಕು. ಅವನ್ನು ತೆರೆಯುವುದು ಕ್ಯಾಮ್ (ಉಬ್ಬಿರುವ ಅಂಚಿನ ತಟ್ಟೆ) ಮೇಲೆ ಉರುಳುವ ಪುಟ್ಟ ಚಕ್ರ, ಮುಚ್ಚುವುದು ಸ್ಪ್ರಿಂಗ್. ಆ ಚಕ್ರದ ಬೇರಿಂಗ್ ಸವೆದರೆ ಗ್ರಿಪ್ಪರ್ ಒಂದು ಸಲ ಬೇಗ, ಒಂದು ಸಲ ತಡವಾಗಿ ಮುಚ್ಚುತ್ತದೆ. ಚಕ್ರವನ್ನು ಬೆರಳಲ್ಲಿ ಅಲುಗಿಸಿದರೇ ಸಡಿಲ ತಿಳಿಯುತ್ತದೆ. ಯಂತ್ರ ನಿಂತಿರಬೇಕು, ಮೇನ್ ಸ್ವಿಚ್ ಆಫ್ ಆಗಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ.

ಬೆಲ್ಟ್, ಚೈನಿನ ವಿಚಾರ ಚಿಕ್ಕದು. ವಿ-ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ತಕ್ಕ ಬಲದಿಂದ ಒತ್ತಿದಾಗ ಮೀಟರ್ ಅಂತರಕ್ಕೆ ಸುಮಾರು 16 ಮಿ.ಮೀ. ತಗ್ಗಬೇಕು. ಜೊತೆಯಾಗಿ ಓಡುವ ಬೆಲ್ಟುಗಳಲ್ಲಿ ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹೊಸದೊಂದೇ ಬಿಗಿಯಾಗಿದ್ದು ಪೂರ್ತಿ ಭಾರ ಹೊತ್ತು ಬೇಗ ಸಾಯುತ್ತದೆ. ಬೇರಿಂಗಿಗೆ ಗ್ರೀಸ್ ಹೆಚ್ಚಾದರೂ ಬಿಸಿಯಾಗುತ್ತದೆ, ಕಡಿಮೆಯಾದರೂ ಬಿಸಿಯಾಗುತ್ತದೆ.

ಇನ್ನು ಕರೆಂಟಿನ ಕಡೆ. 120ನ್ನು ಫ್ರೀಕ್ವೆನ್ಸಿಯಿಂದ ಗುಣಿಸಿ ಪೋಲುಗಳ ಸಂಖ್ಯೆಯಿಂದ ಭಾಗಿಸಿದರೆ ಕಾಂತಕ್ಷೇತ್ರ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂಬುದು ಸಿಗುತ್ತದೆ. 50 ಹರ್ಟ್ಸ್, 4 ಪೋಲ್ ಆದರೆ 1500. ಇಂಡಕ್ಷನ್ ಮೋಟಾರಿನ ಫಲಕದಲ್ಲಿ ಬರೆದಿರುವುದು 1440ರ ಹತ್ತಿರ. ಆ 60 ಸುತ್ತಿನ ಹಿನ್ನಡೆಯೇ ಸ್ಲಿಪ್, ಇಲ್ಲಿ ಶೇ. 4. ಸ್ಲಿಪ್ ಇಲ್ಲದಿದ್ದರೆ ಒಳಗೆ ತಿರುಗುವ ರೋಟರಿನಲ್ಲಿ ಕರೆಂಟೇ ಹುಟ್ಟುವುದಿಲ್ಲ, ಟಾರ್ಕೂ (ತಿರುಗಿಸುವ ಬಲ) ಇಲ್ಲ.

ಓಡುತ್ತಿರುವ ಮೋಟಾರಿಗೆ ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಅದು ತಕ್ಷಣ ನಿಲ್ಲುವುದಿಲ್ಲ, ಮೋಸವಿರುವುದೇ ಅಲ್ಲಿ. ಉಳಿದ ಫೇಸುಗಳು ಹೆಚ್ಚು ಕರೆಂಟ್ ಎಳೆಯುತ್ತ, ಗುಂಯ್‌ಗುಟ್ಟುತ್ತ ಓಡಿ ವೈಂಡಿಂಗ್ ಸುಡುತ್ತದೆ. ನಿಂತಿದ್ದ ಮೋಟಾರಾದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಓವರ್‌ಲೋಡ್ ರಿಲೇ ಮೋಟಾರಿನ ಫುಲ್ ಲೋಡ್ ಕರೆಂಟಿಗೆ ಸರಿಯಾಗಿ ಇಟ್ಟಿದ್ದರೆ ಅದು ಟ್ರಿಪ್ ಆಗಿ ಮೋಟಾರನ್ನು ಉಳಿಸುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಅದರ ತಿರುಪನ್ನು ಮೇಲಕ್ಕೇರಿಸುವುದು ದೊಡ್ಡ ತಪ್ಪು. ಕಾರಣ ಹುಡುಕಿ: ಸಡಿಲ ಟರ್ಮಿನಲ್, ಸುಟ್ಟ ಕಾಂಟ್ಯಾಕ್ಟ್, ಬಿಗಿಯಾದ ಬೇರಿಂಗ್, ಒಣಗಿ ಅಂಟಿಕೊಂಡ ಇಂಕ್ ರೋಲರುಗಳು.

ವೈಂಡಿಂಗನ್ನು ಮೊದಲು ಸ್ಟಾರ್, ನಂತರ ಡೆಲ್ಟಾ ಜೋಡಣೆಗೆ ತರುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಶುರುವಿನ ಲೈನ್ ಕರೆಂಟನ್ನು ನೇರವಾಗಿ ಹಚ್ಚಿದಾಗಿನ ಮೂರನೇ ಒಂದಕ್ಕೆ ಇಳಿಸುತ್ತದೆ. ಟಾರ್ಕೂ ಮೂರನೇ ಒಂದಕ್ಕೆ ಇಳಿಯುತ್ತದೆ. ಬ್ಲೋವರಿಗೆ ಇದು ಒಪ್ಪುತ್ತದೆ. ಇಂಚಿಂಗ್‌ನಿಂದ (ಸ್ವಲ್ಪ ಸ್ವಲ್ಪವೇ ತಿರುಗಿಸುವ ಹಂತದಿಂದ) ಪೂರ್ತಿ ವೇಗದವರೆಗೆ ಮೆಲ್ಲಗೆ ಏರಬೇಕಾದ ಮುದ್ರಣ ಯಂತ್ರಕ್ಕೆ ಒಪ್ಪುವುದಿಲ್ಲ. ಅದಕ್ಕಾಗಿ ಮೊದಲು ಡಿ.ಸಿ. ಮೋಟಾರುಗಳಿದ್ದವು, ನಂತರ ಫ್ರೀಕ್ವೆನ್ಸಿಯನ್ನೇ ಬದಲಿಸುವ ಡ್ರೈವ್‌ಗಳು ಬಂದವು.

ಕಂಟ್ರೋಲ್ ಸರ್ಕ್ಯೂಟಿನಲ್ಲಿ ಎರಡು ಸಂಗತಿ ಮನಸ್ಸಿನಲ್ಲಿರಲಿ. ಸ್ಟಾಪ್ ಬಟನ್ ಯಾವಾಗಲೂ ಮುಚ್ಚಿರುವ ಕಾಂಟ್ಯಾಕ್ಟ್, ಒತ್ತಿದರೆ ತೆರೆದುಕೊಳ್ಳುತ್ತದೆ. ತಂತಿ ಎಲ್ಲಾದರೂ ತುಂಡಾದರೂ ಯಂತ್ರ ನಿಲ್ಲಲಿ ಎಂದು ಹೀಗೆ. ಸ್ಟಾರ್ಟ್ ಬಟನ್ನಿಗೆ ಸಮಾನಾಂತರವಾಗಿ ಕಾಂಟ್ಯಾಕ್ಟರಿನದೇ (ಕಾಯಿಲ್ ಎಳೆದು ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚಿನದೇ) ಒಂದು ಸಹಾಯಕ ಕಾಂಟ್ಯಾಕ್ಟ್ ಇರುತ್ತದೆ, ಬೆರಳು ತೆಗೆದ ಮೇಲೂ ಕಾಯಿಲನ್ನು ಹಿಡಿದಿಡುವುದು ಅದೇ. ಕರೆಂಟ್ ಹೋದಾಗ ಅದು ಬಿಟ್ಟುಬಿಡುತ್ತದೆ. ಕರೆಂಟ್ ಮರಳಿ ಬಂದಾಗ ಯಾರಾದರೂ ರೋಲರ್ ಒರೆಸುತ್ತಿದ್ದರೆ ಯಂತ್ರ ತಾನಾಗಿ ಹೊರಡುವುದಿಲ್ಲ. ಆ ಕಾಂಟ್ಯಾಕ್ಟಿಗೆ ಅಡ್ಡದಾರಿಯ ತಂತಿ ಹಾಕಿ ‘ರಿಪೇರಿ’ ಮಾಡಿದರೆ ಒಬ್ಬರ ಕೈಯನ್ನೇ ಪಣಕ್ಕಿಟ್ಟಂತೆ.

ಕಟಿಂಗ್ ಯಂತ್ರಕ್ಕೂ ಇದೇ ಮಾತು. ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡ್ ಇಳಿಯಬೇಕು. ಅದರ ಡ್ರೈವಿನಲ್ಲಿ ಶಿಯರ್ ಬೋಲ್ಟ್ ಇದ್ದರೆ, ಭಾರ ಮಿತಿ ಮೀರಿದಾಗ ಮುರಿಯಲೆಂದೇ ಅದನ್ನು ಮಾಡಿರುತ್ತಾರೆ. ಮತ್ತೆ ಮತ್ತೆ ಮುರಿಯುತ್ತದೆ ಎಂದು ಗಟ್ಟಿ ಉಕ್ಕಿನ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್ ಅಥವಾ ಶಾಫ್ಟ್. ಬ್ಲೇಡ್ ಮೊಂಡಾಗಿದೆಯೇ ಎಂದು ಮೊದಲು ನೋಡಿ.

ಯಂತ್ರ ಜಾಗ ಬದಲಿಸಿ ಮತ್ತೆ ಕೇಬಲ್ ಕಟ್ಟಿದ ದಿನ ಗಾಳಿ ಪಂಪಿನ ದಿಕ್ಕು ನೋಡಲೇಬೇಕು. ಎರಡು ಫೇಸ್ ಅದಲುಬದಲಾದರೆ ಮೋಟಾರ್ ತಿರುಗುಮುರುಗಾಗುತ್ತದೆ. ಹೀರುವ ಕಡೆ ಊದುತ್ತದೆ, ಪಂಪಿನೊಳಗಿನ ಕಾರ್ಬನ್ ವೇನುಗಳು (ಅಲಗುಗಳು) ಮುರಿಯಬಹುದು. ಕ್ಷಣಕಾಲ ಆನ್ ಮಾಡಿ ಆಫ್ ಮಾಡಿ, ಕವಚದ ಮೇಲಿನ ಬಾಣಕ್ಕೆ ಹೋಲಿಸಿ. ತಪ್ಪಿದ್ದರೆ ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿದರೆ ಸಾಕು. ಆದರೆ ಮೇನ್ ಕೇಬಲಿನಲ್ಲೇ ಬದಲಿಸಿದರೆ ಅದರಿಂದ ನಡೆಯುವ ಉಳಿದ ಮೂರು-ಫೇಸ್ ಮೋಟಾರುಗಳೂ ದಿಕ್ಕು ಬದಲಿಸುತ್ತವೆ, ಹಾಗಾಗಿ ಒಂದೊಂದನ್ನೂ ಹೀಗೇ ನೋಡಿ.

ಕೊನೆಯದಾಗಿ ತಲೆಯ ಮೇಲಿನ ದೀಪ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಮಿನುಗಿಗೆ ಚಕ್ರದ ವೇಗ ಹೊಂದಿಬಿಟ್ಟರೆ ಓಡುವ ಚಕ್ರ ನಿಂತಂತೆ ಕಾಣುತ್ತದೆ. ಯಂತ್ರದ ಸುತ್ತಲಿನ ಟ್ಯೂಬುಗಳನ್ನು ಮೂರು ಫೇಸುಗಳಿಗೆ ಹಂಚಿದರೆ ಒಂದು ಮಂಕಾದಾಗ ಇನ್ನೊಂದು ಬೆಳಗುತ್ತಿರುತ್ತದೆ. ಎಲೆಕ್ಟ್ರಾನಿಕ್ ಚೋಕ್ ಹಾಕಿದರೆ ಆ ಭ್ರಮೆ ಬಹುಪಾಲು ಹೋಗುತ್ತದೆ. ಎರಡೂ ಇಲ್ಲದ ಕಡೆ, ಗಾರ್ಡ್ ತೆರೆಯುವ ಮೊದಲು ಮೇನ್ ಸ್ವಿಚ್ ಹಿಡಿಕೆ ‘ಆಫ್’ ಕಡೆಗಿದೆಯೇ ಎಂದು ಕಣ್ಣಾರೆ ನೋಡಿ.