ಅಪ್ಪನ ಎಡಗಡೆ

ನಮ್ಮ ಕೊಡವರ ಕೈಲ್‌ಪೊಳ್ದ್ ಹಬ್ಬದ ಬೆಳಿಗ್ಗೆ, ಕುಟುಂಬದ ಹಿರಿಮನೆಯಾದ ಐನ್‌ಮನೆಗೆ ಹೊರಟಾಗ ಮಳೆ ಬಿಟ್ಟಿರಲಿಲ್ಲ. ವಾಯುಪಡೆಯ ಪೈಲಟ್ ಆಗಿದ್ದ ಅಪ್ಪ ತಮ್ಮ ಹಾರಾಟಗಳನ್ನು ಬರೆದಿಡುತ್ತಿದ್ದ ಲಾಗ್‌ಬುಕ್ಕನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅಪ್ಪ ತೀರಿಕೊಂಡ ಮೇಲಿನ ತಿಥಿ, ಮಾದ, ಕಳೆದು ಎರಡು ತಿಂಗಳಾಗಿತ್ತು. ಅವರಿಲ್ಲದ ಮೊದಲ ಹಬ್ಬ.

ನೆಲ್ಲಕ್ಕಿಯಲ್ಲಿ, ಅಂದರೆ ಐನ್‌ಮನೆಯ ನಡುಮನೆಯಲ್ಲಿ, ದೀಪದ ಮುಂದೆ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ, ಕೋವಿ ಹೂ, ಸಿಕ್ಕಿಸಿದ್ದರು. ಕೆಂಪು ಹಳದಿ ಎಸಳುಗಳ ಮೇಲೆ ಇನ್ನೂ ಮಳೆಹನಿ ಇತ್ತು. ಒಡಿಕತ್ತಿ, ಪೀಚೆಕತ್ತಿಗೆ ಗಂಧದ ಬೊಟ್ಟು. ಚಿಕ್ಕಪ್ಪ ನನ್ನ ಕೈಯಿಂದ ಪುಸ್ತಕ ತಗೊಂಡು ಅಪ್ಪನ ಕೋವಿಯ ಪಕ್ಕ ಇಟ್ಟರು. ಅದರ ಮೇಲೂ ಒಂದು ಹೂ ಇಟ್ಟರು. "ಇದೂ ಅವನ ಆಯುಧವೇ ಅಲ್ವಾ ಮಗಳೇ" ಅಂದರು.

ಪಾಕಿಸ್ತಾನದ ಜೊತೆ ಯುದ್ಧ ನಡೆದ 1965ರಲ್ಲಿ ಅಪ್ಪನಿಗೆ 25 ವರ್ಷ. ಪಂಜಾಬಿನ ಒಂದು ನೆಲೆಯಲ್ಲಿ ನ್ಯಾಟ್ ಯುದ್ಧವಿಮಾನ ಹಾರಿಸುತ್ತಿದ್ದರು. ನ್ಯಾಟ್ ಅಂದರೆ ಸೊಳ್ಳೆಯಂಥ ಸಣ್ಣ ಹುಳ. ವಿಮಾನವೂ ಹಾಗೇ. ಈ ರೆಕ್ಕೆಯ ತುದಿಯಿಂದ ಆ ರೆಕ್ಕೆಯ ತುದಿಗೆ 7 ಮೀಟರ್ ಕೂಡ ಇಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿತ್ತು. ಅಪ್ಪ ಆರಡಿ ಆಳು. "ಅದರೊಳಗೆ ಕೂರೋದಲ್ಲ, ಅದನ್ನ ತೊಟ್ಟುಕೊಳ್ಳೋದು" ಅನ್ನುತ್ತಿದ್ದರು. ಕಾಫಿ ಒಣಗಿಸುವ ಕಣದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಮೊಣಕಾಲು ಎದೆಯ ಹತ್ತಿರ ಮಡಚಿ, ಹೇಗೆ ಕೂರುತ್ತಿದ್ದೆ ಅಂತ ನಮಗೆ ತೋರಿಸುತ್ತಿದ್ದರು.

ಸೆಪ್ಟೆಂಬರ್ 3 ನಮಗೆ ಆಯುಧ ಪೂಜೆಯ ದಿನ. 1965ರ ಅದೇ ಸೆಪ್ಟೆಂಬರ್ 3ರಂದು ಪಠಾಣ್‌ಕೋಟ್‌ನಿಂದ ಹಾರಿದ ಟ್ರೆವರ್ ಕೀಲರ್ ಅವರ ನ್ಯಾಟ್, ಛಂಬ್ ಕಡೆ ಪಾಕಿಸ್ತಾನದ ಸೇಬರ್ ಜೆಟ್ಟಿಗೆ ಗುಂಡು ಹೊಡೆಯಿತು. ಆ ಯುದ್ಧದಲ್ಲಿ ನಮ್ಮ ವಾಯುಪಡೆಯ ಮೊದಲ ಗೆಲುವು ಅಂತ ಅದನ್ನು ಎಲ್ಲರೂ ಹೇಳುತ್ತಾರೆ. ಅದೇ ದಿನ ಇನ್ನೊಂದು ನ್ಯಾಟ್ ಗಡಿಯಾಚೆ ಪಸ್ರೂರಿನ ರನ್‌ವೇಯಲ್ಲಿ ಇಳಿದು ಅವರ ವಶವಾಯಿತು. ಅದು ಈಗಲೂ ಕರಾಚಿಯ ಮ್ಯೂಸಿಯಂನಲ್ಲಿದೆ. ಅಪ್ಪ ಯಾವತ್ತೂ ಎರಡನ್ನೂ ಒಟ್ಟಿಗೇ ಹೇಳುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದ್ದನ್ನು ನಾನು ಕೇಳಿಲ್ಲ.

ತಮ್ಮ ಕಥೆಯನ್ನೂ ಹಾಗೇ ಹೇಳುತ್ತಿದ್ದರು. ಒಂದೇ ಒಂದು ಸಲ ಅವರ ಎದುರಿಗೆ ಸೇಬರ್ ಸಿಕ್ಕಿತ್ತಂತೆ. ಬೆನ್ನು ಹತ್ತಿದರು, ಟ್ರಿಗರ್ ಒತ್ತಿದರು. ನಾಲ್ಕು ಗುಂಡು ಹಾರಿತೋ ಇಲ್ಲವೋ, ಗನ್ ಜಾಮ್ ಆಯಿತು. ನ್ಯಾಟ್‌ಗಳಲ್ಲಿ ಆ ತೊಂದರೆ ಜಾಸ್ತಿ ಇತ್ತು. ಸೇಬರ್ ಹೋಯಿತು, ಇವರು ವಾಪಸ್ ಬಂದರು. ಲಾಗ್‌ಬುಕ್ಕಿನಲ್ಲಿ ಆ ದಿನದ ಸಾಲಿನಲ್ಲಿ ಇರುವುದು ಇಷ್ಟೇ: ವಿಮಾನದ ನಂಬರು, ಸ್ಕ್ರಾಂಬಲ್ (ಕರೆ ಬಂದ ಕೂಡಲೇ ಹಾರುವುದು), 40 ನಿಮಿಷ. ಪಕ್ಕದಲ್ಲಿ ಗನ್ ಜಾಮ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಅಕ್ಷರ ಎಷ್ಟು ನೇರ ಅಂದರೆ, ಕೆಳಗೆ ಸ್ಕೇಲ್ ಇಟ್ಟುಕೊಂಡು ಬರೆದ ಹಾಗಿದೆ.

ಇತ್ತ ಊರಲ್ಲಿ ಅಜ್ಜಿ ಪಕ್ಕದ ಮನೆಯ ರೇಡಿಯೋ ಮುಂದೆ ಕೂತಿರುತ್ತಿದ್ದರು. ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಮಗನ ಹಂಟರ್ ವಿಮಾನ ಬಿದ್ದು, ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಆ ಸುದ್ದಿ ಬಂದ ದಿನ ಅಜ್ಜಿ ಒಲೆ ಹಚ್ಚಲಿಲ್ಲವಂತೆ. ಅಪ್ಪನ ಕಾಗದ ಬಂದದ್ದು ಎಷ್ಟೋ ದಿನ ಆದಮೇಲೆ.

ಅಪ್ಪ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಕೊಡಗಿನವರೇ ಆದ ಪೈಲಟ್ ಅಜ್ಜಮಾಡ ದೇವಯ್ಯನವರ ಬಗ್ಗೆ. ಅವರದ್ದು ಬೇರೆ ಸ್ಕ್ವಾಡ್ರನ್. ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಮಿಸ್ಟಿಯರ್ ವಿಮಾನಗಳು ಪಾಕಿಸ್ತಾನದ ವಾಯುನೆಲೆ ಸರ್ಗೋಧಾ ಮೇಲೆ ದಾಳಿಗೆ ಹೊರಟವು. ದೇವಯ್ಯ ಸ್ಟ್ಯಾಂಡ್‌ಬೈ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕಿತ್ತು. ಅವರು ಹೋದರು. ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅವರ ಮೇಲೆ ಎರಗಿತು. ಶಬ್ದದ ಎರಡು ಪಟ್ಟು ವೇಗದ ವಿಮಾನ ಅದು. ಏಟು ತಿಂದ ಮೇಲೂ ದೇವಯ್ಯ ತಿರುಗಿ ಬಿದ್ದು ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ವಾಪಸ್ ಬರಲಿಲ್ಲ. ನಮ್ಮ ಕಡೆಯವರು ಯಾರೂ ಅದನ್ನು ನೋಡಿರಲಿಲ್ಲ. ಎಷ್ಟೋ ವರ್ಷದ ಮೇಲೆ ಪಾಕಿಸ್ತಾನದ ಕಡೆಯ ವಿವರ ಇಟ್ಟುಕೊಂಡು ಇಂಗ್ಲೆಂಡಿನ ಲೇಖಕರೊಬ್ಬರು ಬರೆದಾಗಲೇ ನಿಜ ಗೊತ್ತಾಗಿದ್ದು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ.

"23 ವರ್ಷ" ಅನ್ನುತ್ತಿದ್ದರು ಅಪ್ಪ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ತಮಗೆ ಸಿಗದ ಸೇಬರ್ ಬಗ್ಗೆ ಅವರಿಗೆ ಕೊರಗು ಇರಲಿಲ್ಲ. ಈ 23 ವರ್ಷದ ಬಗ್ಗೆ ಇತ್ತು. ಮಡಿಕೇರಿಯಲ್ಲಿ ದೇವಯ್ಯನವರ ಪ್ರತಿಮೆ ನಿಂತ ಮೇಲೆ, ಆ ದಾರಿಯಲ್ಲಿ ಹೋದಾಗೆಲ್ಲ ಕಾರು ನಿಧಾನ ಮಾಡಲು ಹೇಳುತ್ತಿದ್ದರು. ಇಳಿಯುತ್ತಿರಲಿಲ್ಲ. ಗಾಜು ಇಳಿಸಿ ನೋಡುತ್ತಿದ್ದರು, ಮಳೆ ಒಳಗೆ ಬಂದರೂ ಸರಿ.

ಯುದ್ಧ ಅಪ್ಪನ ಮೈಮೇಲೆ ಒಂದು ಗಾಯವನ್ನೂ ಉಳಿಸಿರಲಿಲ್ಲ. ಆದರೆ ಜೆಟ್ ಎಂಜಿನ್ನಿನ ಸದ್ದಿಗೆ ಎಡಗಿವಿ ಹೋಗಿತ್ತು. ಆ ಕಡೆಯಿಂದ ಕೂಗಿದರೆ ಕೇಳುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಎಲ್ಲರೂ ಅವರ ಬಲಗಡೆಯೇ ಕೂರುತ್ತಿದ್ದೆವು. ಅದು ಅಪ್ಪನ ಕಿವಿಯಿಂದಾಗಿ ಅಂತ ನನಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ.

ಪೂಜೆ ಮುಗಿಯಿತು. ಚಿಕ್ಕಪ್ಪ ಒಬ್ಬೊಬ್ಬರಿಗೇ ಕೋವಿ ಕೊಟ್ಟರು. ಅಪ್ಪನದನ್ನು ತಮ್ಮನ ಕೈಗೆ, ಲಾಗ್‌ಬುಕ್ಕನ್ನು ನನ್ನ ಕೈಗೆ. ಹುಡುಗರು ತೆಂಗಿನಕಾಯಿಗೆ ಗುರಿ ಇಡಲು ಗದ್ದೆ ಕಡೆ ಓಡಿದರು. ಒಳಗೆ ಕಡಂಬುಟ್ಟು, ಪಂದಿಕರಿಯ ಘಮ.

ಊಟಕ್ಕೆ ಉದ್ದದ ಬೆಂಚಿನ ಮೇಲೆ ಕೂತೆವು. ತುದಿಯ ಆ ಬೆತ್ತದ ಕುರ್ಚಿಯನ್ನು ಯಾರೂ ತೆಗೆದಿರಲಿಲ್ಲ. ಅದರ ಬಲಗಡೆ ಚಿಕ್ಕಪ್ಪ, ತಮ್ಮ, ನಾನು, ಅತ್ತೆಯ ಮಕ್ಕಳು, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದೆವು. ಎಡಗಡೆ ಮೂರು ಜನಕ್ಕಾಗುವಷ್ಟು ಜಾಗ ಖಾಲಿ ಇತ್ತು. ತಮ್ಮನ ಮಗಳು ತಟ್ಟೆ ಹಿಡಿದು ಬಂದು ಅಲ್ಲೇ ಕೂರಲು ಹೋದಳು. ನಾನು ಯೋಚನೆ ಮಾಡದೆ ಕೈಸನ್ನೆ ಮಾಡಿ, "ಇಲ್ಲಿ ಬಾ, ಈ ಕಡೆ" ಅಂದೆ. ಚಿಕ್ಕಪ್ಪ ನನ್ನ ಮುಖ ನೋಡಿದರು. ಆಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.