ಅಂಗಮಾರಿ ಬಿದ್ದ ಮೇಲೂ ಆಲೂಗಡ್ಡೆ ಕೊಡ್ಲೇಬೇಕಾ?

ನಮ್ ಹಾಸನದ ಕಡೆ ಆಲೂಗಡ್ಡೆ, ಶುಂಠಿ ಇನ್ನೂ ಹೊಲದಲ್ಲಿರುವಾಗ್ಲೇ ಎಷ್ಟೋ ಸಲ ವ್ಯಾಪಾರ ಆಗೋಗಿರುತ್ತೆ. ವ್ಯಾಪಾರಿ ಬರ್ತಾರೆ, ಅಡ್ವಾನ್ಸ್ ಕೊಡ್ತಾರೆ, ಇಷ್ಟು ಕ್ವಿಂಟಾಲು ಇಷ್ಟು ರೇಟು ಅಂತ ಚೀಟಿ ಬರ್ದು ಸೈನ್ ಹಾಕಿಸ್ಕೊಂಡು ಹೋಗ್ತಾರೆ, ಆಮೇಲೆ ಮಳೆ ಹಿಡ್ಕೊಂಡು ಅಂಗಮಾರಿ ರೋಗ ಬಿದ್ದು ಗಿಡ ಎಲ್ಲ ಕಪ್ಪಾದ್ರೆ "ಎಲ್ಲಿಂದಾದ್ರೂ ತಂದು ಕೊಡಪ್ಪ, ಮಾತು ಕೊಟ್ಟಿದೀಯ" ಅಂತ ನಿಂತ್ಕೋತಾರೆ. ರೈತರು ಹೆದರ್ಕೊಂಡು ಸಾಲ ಮಾಡಿ ಬೇರೆಯೋರ ಹತ್ರ ಕೊಂಡು ಕೊಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಕಾನೂನು ಎಲ್ಲಾ ಸಲಾನೂ ಹಾಗೆ ಹೇಳಲ್ಲ ಕಣ್ರೀ.

ಇದೇ ಆಲೂಗಡ್ಡೆ ಜಗಳ ಇಂಗ್ಲೆಂಡಲ್ಲಿ 1872ರಲ್ಲೇ ಆಗಿದೆ. ಒಬ್ಬ ರೈತ ತನ್ನ ಇಂಥ ಜಮೀನಲ್ಲಿ ಬೆಳೆಯೋ ಆಲೂಗಡ್ಡೇಲಿ 200 ಟನ್ ಕೊಡ್ತೀನಿ ಅಂತ ಒಪ್ಕೊಂಡಿದ್ದ. ಬೇಕಾದಷ್ಟು ಬಿತ್ತಿದ್ದ, ಆದ್ರೆ ರೋಗ ಬಂದು ಸುಮಾರು 80 ಟನ್ ಮಾತ್ರ ಸಿಕ್ತು, ಅಷ್ಟನ್ನ ಕೊಟ್ಟ. ಬಾಕಿಗೆ ಕೇಸ್ ಬಿತ್ತು. ಹೋವೆಲ್ ಮತ್ತು ಕೂಪ್ಲೆಂಡ್ ಕೇಸ್ ಅಂತ ಹೆಸರು, 1876ರಲ್ಲಿ ಮೇಲಿನ ಕೋರ್ಟೂ ರೈತನ ಕಡೆಗೇ ತೀರ್ಪು ಕೊಡ್ತು: ಹೇಳಿದ ಜಮೀನಿನ ಬೆಳೆ ಅವನ ತಪ್ಪಿಲ್ದೆ ಹಾಳಾಗಿದೆ, ಬಾಕಿ ಕೊಡ್ಬೇಕಾಗಿಲ್ಲ. ನಮ್ಮಲ್ಲಿ 1872ರ ಕಾಂಟ್ರಾಕ್ಟ್ ಆಕ್ಟ್ 56ನೇ ಸೆಕ್ಷನ್ ಹೇಳೋದೂ ಹೆಚ್ಚುಕಮ್ಮಿ ಇದೇನೇ, ಒಪ್ಪಂದ ಆದ್ಮೇಲೆ ಕೆಲಸ ಅಸಾಧ್ಯ ಆಗೋದ್ರೆ ಒಪ್ಪಂದ ನಿಲ್ಲಲ್ಲ.

ಆದ್ರೆ ಆ ರೈತನ್ನ ಉಳಿಸಿದ್ದು "ಇಂಥ ಜಮೀನಿನ ಬೆಳೆ" ಅನ್ನೋ ಮಾತು. ನಿಮ್ ಚೀಟೀಲಿ ಬರೀ "100 ಕ್ವಿಂಟಾಲ್ ಆಲೂಗಡ್ಡೆ" ಅಂತಿದ್ರೆ ಕಷ್ಟ, ಯಾಕಂದ್ರೆ ಮಾರ್ಕೆಟ್ಟಲ್ಲಿ ಆಲೂಗಡ್ಡೆ ಸಿಗುತ್ತಲ್ಲ, ಅಸಾಧ್ಯ ಹೇಗಾಗುತ್ತೆ ಅಂತಾರೆ. ಅದಕ್ಕೇ ನಾನು ಸಿಕ್ಕೋರಿಗೆಲ್ಲ ಹೇಳೋದು, ಸರ್ವೆ ನಂಬರ್ ಬರೆಸಿ, "ಈ ಹೊಲದಲ್ಲಿ ಬೆಳೆದದ್ದು ಮಾತ್ರ" ಅಂತ ಒಂದು ಸಾಲು ಹಾಕ್ಸಿ. ವ್ಯಾಪಾರಿ ಗೊಣಗ್ಲಿ ಬಿಡಿ.

ಉಳಿದ ಬೆಳೆ ವಿಷಯದಲ್ಲೂ ಹುಷಾರಾಗಿರ್ಬೇಕು. ಅರ್ಧ ಬೆಳೆ ಬಂತು, ರೇಟು ಏರಿದೆ, ಒಪ್ಪಂದ ಹೇಗೂ ಮುರಿದುಬಿತ್ತು ಅಂತ ಆ ಅರ್ಧಾನ ಬೇರೆಯೋರಿಗೆ ಮಾರೋ ಹಾಗಿಲ್ಲ. ಇಂಗ್ಲೆಂಡಲ್ಲೇ 1972ರ ಬಾರ್ಲಿ ಕೇಸಲ್ಲಿ 275 ಟನ್ ಒಪ್ಕೊಂಡಿದ್ದ ರೈತನಿಗೆ 140 ಟನ್ ಬಂತು, ಅದನ್ನ ಜಾಸ್ತಿ ರೇಟಿಗೆ ಇನ್ನೊಬ್ಬರಿಗೆ ಕೊಟ್ಟ, ಕೋರ್ಟು ಆ 140 ಟನ್ನಿಗೆ ನೀನೇ ಹೊಣೆ ಅಂತು. ಅದು ನ್ಯಾಯಾನೇ ಅನ್ಸುತ್ತೆ ನನಗೆ.

ರೇಟು ಏರಿದ್ದು ಮಾತ್ರ ಯಾವತ್ತೂ ನೆಪ ಆಗಲ್ಲ. ಚಿಕ್ಕಮಗಳೂರು, ಸಕಲೇಶಪುರ ಕಡೆ ಕಾಫಿ ಮೊದ್ಲೇ ರೇಟ್ ಕಟ್ಟಿ ಕೊಟ್ಟೋರು 2024ರಲ್ಲಿ ರೋಬಸ್ಟಾ ರೇಟ್ ಹಾರಿದಾಗ ಸಂಕಟಪಟ್ಟಿರ್ತಾರೆ, ಆ ಸಂಕಟ ನಿಜಾನೇ, ಆದ್ರೂ ಕೋರ್ಟಲ್ಲಿ ನಿಲ್ಲಲ್ಲ. ಸೈನ್ಯಕ್ಕೆ ತುಪ್ಪ ಸಪ್ಲೈ ಮಾಡೋ ಏಜೆಂಟರು ಯುದ್ಧದಿಂದ ಖರ್ಚು ಏರಿತು, ಜಾಸ್ತಿ ಕೊಡಿ ಅಂತ ಹೋದ್ರೆ 1960ರಲ್ಲಿ ಸುಪ್ರೀಂ ಕೋರ್ಟ್ ಒಪ್ಲಿಲ್ಲ, 2017ರಲ್ಲಿ ಇಂಡೋನೇಷ್ಯಾ ಕಲ್ಲಿದ್ದಲು ದುಬಾರಿ ಆಯ್ತು ಅಂದ ವಿದ್ಯುತ್ ಕಂಪನಿಗಳಿಗೂ ಅದೇ ಉತ್ತರ. ನಷ್ಟ ಬೇರೆ, ಅಸಾಧ್ಯ ಬೇರೆ. ಮಾಲು ಕೊಡ್ಲಿಲ್ಲ ಅಂದ್ರೆ ಒಪ್ಪಿದ ರೇಟಿಗೂ ಅವತ್ತಿನ ಮಾರ್ಕೆಟ್ ರೇಟಿಗೂ ಇರೋ ವ್ಯತ್ಯಾಸ ಕಟ್ಟಬೇಕಾಗ್ಬೋದು.

ಇನ್ನು ಅಡ್ವಾನ್ಸು. ಬೆಳೆ ಹೋಯ್ತು, ಒಪ್ಪಂದಾನೂ ಹೋಯ್ತು ಅಂದ್ರೆ ತಗೊಂಡ ದುಡ್ಡು ವಾಪಸ್ ಕೊಡ್ಬೇಕು, ಅದು ಅದೇ ಕಾಂಟ್ರಾಕ್ಟ್ ಆಕ್ಟಿನ 65ನೇ ಸೆಕ್ಷನ್. ಬೀಜಕ್ಕೆ, ಔಷಧಿಗೆ ಖರ್ಚಾಗೋಯ್ತು ಅನ್ನೋ ಮಾತು ಸಾಮಾನ್ಯವಾಗಿ ನಡೆಯಲ್ಲ. ಆ ಖರ್ಚಲ್ಲಿ ವ್ಯಾಪಾರೀನೂ ಪಾಲು ಹೊರಬೇಕು ಅಂತಿದ್ರೆ ಎಷ್ಟು ಪಾಲು ಅಂತ ಸೈನ್ ಹಾಕೋ ಮುಂಚೆನೇ ಅದೇ ಚೀಟೀಲಿ ಬರೆಸ್ಕೊಳ್ಳಿ.